ಲೋಹದ ಮೈ ಮುಟ್ಟಿದ ಆಮ್ಲಜನಕ: ಒಂದು ಅಪಘಾತದ ಚರಿತ್ರೆ

ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರಕ್ಕೆ ಹಿಡಿಯುವುದು ಕಿಲುಬು. ಹಿತ್ತಾಳೆಯ ಕೊಡವನ್ನು ಹುಣಸೆಹಣ್ಣು ಹಚ್ಚಿ ಬೆಳಗಬೇಕು, ತಾಮ್ರದ ಪಾತ್ರೆಗೆ ಕಲಾಯಿ ಹಾಕಿಸಬೇಕು. ಗಾಳಿಗೆ ಮೈಯೊಡ್ಡಿದ ಲೋಹವು ಬದಲಾಗುತ್ತದೆ ಎಂಬ ತಿಳಿವಳಿಕೆ ನಮ್ಮ ಮನೆಮಾತಿನಲ್ಲಿಯೇ ಅಡಗಿದೆ. ನಮ್ಮ ರಸಶಾಸ್ತ್ರಜ್ಞರು ಲೋಹವನ್ನು ಪುಟವಿಟ್ಟು ಭಸ್ಮ ಮಾಡುವ ಕ್ರಮವನ್ನು ಶತಮಾನಗಳ ಹಿಂದೆಯೇ ಬಲ್ಲವರಾಗಿದ್ದರು. ಆದರೆ ಈ ಬದಲಾವಣೆ ಏಕೆ ಆಗುತ್ತದೆ, ಅದರ ಮೊದಲ ಕ್ಷಣದಲ್ಲಿ ಲೋಹದ ಮೇಲ್ಮೈಯಲ್ಲಿ ನಡೆಯುವುದೇನು ಎಂಬ ಪ್ರಶ್ನೆಗೆ ಉತ್ತರ ದೊರೆಯಲು ಮನುಕುಲವು ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು. ಆ ಉತ್ತರದ ಬಹುಮುಖ್ಯವಾದ ಒಂದು ಅಧ್ಯಾಯ ನಾವು ಇಂದು ನೆಲೆಸಿರುವ ಈ ಅಮೆರಿಕಾದ ನೆಲದಲ್ಲಿ, ನ್ಯೂಯಾರ್ಕ್ ನಗರದ ಒಂದು ಪ್ರಯೋಗಾಲಯದಲ್ಲಿ, ಗಾಜಿನ ಉಪಕರಣವೊಂದು ಒಡೆದುದರಿಂದ ಆರಂಭವಾಯಿತು. ವೃತ್ತಿಯಿಂದ ಲೋಹವಿಜ್ಞಾನಿಯಾಗಿ, ನಿರ್ವಾತ ಕೋಶಗಳ ಸಹವಾಸದಲ್ಲಿಯೇ ಬಹುಕಾಲ ಕಳೆದ ನಾನು, ಆ ಕಥೆಯನ್ನು ಸಮ್ಮೇಳನಕ್ಕೆ ಆಗಮಿಸಿರುವ ಕನ್ನಡ ಬಂಧುಗಳ ಮುಂದಿಡಲು ಬಯಸುತ್ತೇನೆ.

ಹೆಸರು ಬಂದ ಬಗೆ

ಲೋಹವನ್ನು ಕಾಸಿ ಭಸ್ಮ ಮಾಡಿದರೆ ಅದರ ತೂಕ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಉರಿದ ಕಟ್ಟಿಗೆ ಹಗುರವಾಗುವಾಗ ಉರಿದ ತವರ ಭಾರವಾಗುವುದೇಕೆ? 1630ರಲ್ಲಿ ಫ್ರಾನ್ಸಿನ ಝಾನ್ ರೇ ಎಂಬ ವೈದ್ಯ ಈ ಹೆಚ್ಚಳಕ್ಕೆ ಗಾಳಿಯೇ ಕಾರಣವೆಂದು ಬರೆದನು. ಆ ಮಾತಿಗೆ ಆಗ ಹೆಚ್ಚು ಮನ್ನಣೆ ಸಿಗಲಿಲ್ಲ. 1774ರಲ್ಲಿ ಲವಾಸಿಯೆ ತವರವನ್ನು ಗಾಜಿನ ಪಾತ್ರೆಯಲ್ಲಿಟ್ಟು, ಬಾಯಿಯನ್ನು ಬೆಸೆದು ಕಾಸಿದನು. ಪಾತ್ರೆಯ ಒಟ್ಟು ತೂಕ ಬದಲಾಗಲಿಲ್ಲ. ಬಾಯಿ ತೆರೆದಾಗ ಮಾತ್ರ ಹೊರಗಿನ ಗಾಳಿ ಸುಯ್ಯೆಂದು ಒಳನುಗ್ಗಿತು, ತೂಕವೂ ಏರಿತು. ಒಳಗಿದ್ದ ಗಾಳಿಯ ಒಂದು ಪಾಲನ್ನು ತವರವು ತನ್ನದಾಗಿಸಿಕೊಂಡಿತ್ತು ಎಂಬುದು ಇದರಿಂದ ಸಿದ್ಧವಾಯಿತು. ಅದೇ ವರ್ಷ ಇಂಗ್ಲೆಂಡಿನ ಪ್ರೀಸ್ಟ್ಲಿ ಪಾದರಸದ ಕೆಂಪು ಭಸ್ಮವನ್ನು ಕಾಸಿ, ಆ ಪಾಲನ್ನು ಮರಳಿ ಹೊರತೆಗೆದಿದ್ದನು.

ಈ ಅನಿಲಕ್ಕೆ ಲವಾಸಿಯೆ ಇಟ್ಟ ಹೆಸರಿನ ಅರ್ಥ ‘ಆಮ್ಲವನ್ನು ಹುಟ್ಟಿಸುವುದು’ ಎಂದು. ಎಲ್ಲ ಆಮ್ಲಗಳಲ್ಲಿಯೂ ಇದು ಇರಲೇಬೇಕೆಂದು ಅವನು ನಂಬಿದ್ದನು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅದರ ಸುಳಿವೂ ಇಲ್ಲವೆಂದು 1810ರಲ್ಲಿ ಹಂಫ್ರಿ ಡೇವಿ ತೋರಿಸಿದನು. ನಂಬಿಕೆ ಬಿದ್ದುಹೋದರೂ ಹೆಸರು ಉಳಿಯಿತು. ನಮ್ಮ ಪಠ್ಯಪುಸ್ತಕಗಳ ‘ಆಮ್ಲಜನಕ’ ಎಂಬ ಸೊಗಸಾದ ಪದವೂ ಅದೇ ಹಳೆಯ ನಂಬಿಕೆಯ ಕನ್ನಡ ರೂಪ.

ಒಂದೇ ಪರಮಾಣುವಿನ ದಪ್ಪ

ತಕ್ಕಡಿಯಲ್ಲಿ ತೂಗಿ ನೋಡುವಷ್ಟು ಭಸ್ಮವಾಗುವ ವೇಳೆಗೆ ಕೋಟ್ಯನುಕೋಟಿ ಪರಮಾಣುಗಳ ಪದರಗಳು ಬದಲಾಗಿರುತ್ತವೆ. ಮೊದಲ ಪದರವನ್ನು ಕುರಿತು ತಕ್ಕಡಿ ಏನನ್ನೂ ಹೇಳಲಾರದು. ಅದನ್ನು ಮೊದಲಬಾರಿಗೆ ಸ್ಪಷ್ಟವಾಗಿ ಕುರಿತು ಚಿಂತಿಸಿದವನು ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಪ್ರಯೋಗಾಲಯಕ್ಕೆ 1909ರಲ್ಲಿ ಸೇರಿದ ಇರ್ವಿಂಗ್ ಲ್ಯಾಂಗ್‌ಮ್ಯೂರ್. ವಿದ್ಯುದ್ದೀಪದ ಬುರುಡೆ ಒಳಗಿನಿಂದ ಕಪ್ಪಾಗುವುದೇಕೆ ಎಂಬುದು ಅವನಿಗೆ ಎದುರಾದ ಸಮಸ್ಯೆ. ಟಂಗ್‌ಸ್ಟನ್ ತಂತಿಯ ಮೇಲೆ ಆಮ್ಲಜನಕವು ಒಂದೇ ಪರಮಾಣುವಿನ ದಪ್ಪದ ಹೊದಿಕೆಯಾಗಿ ಕೂರುತ್ತದೆ, ತಂತಿಯನ್ನು ಕೆಂಪಗೆ ಕಾಸಿದರೂ ಅದು ಬಿಟ್ಟುಹೋಗುವುದಿಲ್ಲ, ಇಷ್ಟು ತೆಳುವಾದ ಹೊದಿಕೆಯು ತಂತಿಯಿಂದ ಎಲೆಕ್ಟ್ರಾನುಗಳು ಹೊರಬರುವ ಪ್ರಮಾಣವನ್ನೇ ಬದಲಿಸಿಬಿಡುತ್ತದೆ ಎಂಬುದನ್ನು ಅವನು ಕಂಡುಕೊಂಡನು. ಮೇಲ್ಮೈ ರಸಾಯನಶಾಸ್ತ್ರದ ಈ ಸಾಧನೆಗಾಗಿ 1932ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಇಲ್ಲಿ ಒಂದು ಲೆಕ್ಕವನ್ನು ಓದುಗರು ಮನಸ್ಸಿನಲ್ಲಿಡಬೇಕು. ನಮ್ಮ ಸುತ್ತಲಿನ ಗಾಳಿಯ ಒತ್ತಡ 760 ಟಾರ್. ಅದನ್ನು ಒಂದು ಟಾರ್‌ನ ಹತ್ತು ಲಕ್ಷದಲ್ಲೊಂದು ಭಾಗಕ್ಕೆ ಇಳಿಸಿದರೂ, ಶುದ್ಧವಾದ ಲೋಹದ ಮೇಲ್ಮೈಯ ಪ್ರತಿಯೊಂದು ಪರಮಾಣುವಿಗೂ ಒಂದು ಅನಿಲದ ಅಣು ಬಂದು ಬಡಿಯಲು ಸುಮಾರು ಒಂದು ಸೆಕೆಂಡ್ ಸಾಕು. ಅಂದರೆ ಸಾಮಾನ್ಯ ನಿರ್ವಾತದಲ್ಲಿ ‘ಶುದ್ಧ ಲೋಹ’ ಎಂಬುದು ಕಣ್ಣು ಮಿಟುಕಿಸುವಷ್ಟು ಹೊತ್ತಿನ ಮಾತು. ಈ ಕಾರಣದಿಂದ ಅಂದಿನ ಪ್ರಯೋಗಕಾರರೆಲ್ಲರಿಗೂ ಆಮ್ಲಜನಕವು ಪರಮಶತ್ರುವಾಗಿತ್ತು. ಅದನ್ನು ಹೊರಗಿಡುವುದೇ ಅವರ ದಿನನಿತ್ಯದ ಹೋರಾಟ.

1925ರ ಫೆಬ್ರುವರಿ 5

ಮ್ಯಾನ್‌ಹಟನ್ನಿನ 463ನೆಯ ವೆಸ್ಟ್ ಸ್ಟ್ರೀಟಿನಲ್ಲಿ ಹಡ್ಸನ್ ನದಿಗೆ ಮುಖಮಾಡಿ ನಿಂತಿರುವ ದೊಡ್ಡ ಕಟ್ಟಡವೊಂದಿದೆ. 1970ರಿಂದ ಅದು ಕಲಾವಿದರ ವಸತಿ ಸಮುಚ್ಚಯ. ಅದಕ್ಕೆ ಮುನ್ನ ಅಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿಯ ಎಂಜಿನಿಯರಿಂಗ್ ವಿಭಾಗವಿತ್ತು, 1925ರಿಂದ ಅದೇ ಬೆಲ್ ಟೆಲಿಫೋನ್ ಪ್ರಯೋಗಾಲಯವಾಯಿತು. ಅಲ್ಲಿ ಕ್ಲಿಂಟನ್ ಡೇವಿಸನ್ ಎಂಬ ಮಿತಭಾಷಿ ಭೌತವಿಜ್ಞಾನಿ ನಿಕ್ಕಲ್ ಲೋಹದ ತುಣುಕಿನ ಮೇಲೆ ಎಲೆಕ್ಟ್ರಾನುಗಳನ್ನು ಹಾಯಿಸಿ, ಅವು ಯಾವ ಯಾವ ದಿಕ್ಕಿಗೆ ಎಷ್ಟೆಷ್ಟು ಪುಟಿಯುತ್ತವೆಂದು ಅಳೆಯುತ್ತಿದ್ದನು. ರದರ್‌ಫರ್ಡ್ ಆಲ್ಫಾ ಕಣಗಳಿಂದ ಪರಮಾಣುವಿನ ಬೀಜವನ್ನು ಕಂಡಂತೆ, ಎಲೆಕ್ಟ್ರಾನುಗಳಿಂದ ಅದರ ಹೊರಕವಚಗಳನ್ನು ಕಾಣಬಹುದೆಂಬುದು ಅವನ ಆಸೆ. 1921ರಲ್ಲಿ ಕುನ್ಸ್‌ಮನ್ ಎಂಬ ಸಹೋದ್ಯೋಗಿಯೊಡನೆ ಮೊದಲ ಫಲಿತಾಂಶಗಳನ್ನು ಪ್ರಕಟಿಸಿದನಾದರೂ ಅವುಗಳ ಅರ್ಥ ಯಾರಿಗೂ ಸ್ಪಷ್ಟವಾಗಲಿಲ್ಲ. ಮುಂದೆ ಲೆಸ್ಟರ್ ಜರ್ಮರ್ ಎಂಬ ತರುಣ ಆ ಕೆಲಸವನ್ನು ಕೈಗೆತ್ತಿಕೊಂಡನು.

1925ರ ಫೆಬ್ರುವರಿ 5ರಂದು ದ್ರವವಾಯುವಿನ ಸೀಸೆಯೊಂದು ಸಿಡಿಯಿತು. ಅದರಿಂದ ಉಪಕರಣದ ಗಾಜು ಒಡೆದು, ಕಾದಿದ್ದ ನಿಕ್ಕಲ್ಲಿನ ಮೇಲೆ ಗಾಳಿ ನುಗ್ಗಿತು. ತಿಂಗಳುಗಟ್ಟಲೆ ಶ್ರಮಪಟ್ಟು ಶುದ್ಧವಾಗಿಟ್ಟಿದ್ದ ಲೋಹ ಕ್ಷಣಮಾತ್ರದಲ್ಲಿ ಆಕ್ಸೈಡಿನ ದಪ್ಪ ಪೊರೆ ಹೊದ್ದು ಕುಳಿತಿತು. ಆ ತುಣುಕನ್ನು ಎಸೆದು ಹೊಸದನ್ನು ಕೂರಿಸಬಹುದಾಗಿತ್ತು. ಅವರು ಹಾಗೆ ಮಾಡಲಿಲ್ಲ. ಉಪಕರಣವನ್ನು ದುರಸ್ತಿ ಮಾಡಿ, ಲೋಹವನ್ನು ಜಲಜನಕದಲ್ಲಿಯೂ ನಿರ್ವಾತದಲ್ಲಿಯೂ ದೀರ್ಘಕಾಲ ಕಾಸಿದರು. ಆಕ್ಸೈಡಿನ ಆಮ್ಲಜನಕ ಜಲಜನಕದೊಡನೆ ಸೇರಿ ನೀರಾವಿಯಾಗಿ ಹೊರಟುಹೋಯಿತು. ಏಪ್ರಿಲ್ ಆರಂಭದ ವೇಳೆಗೆ ಪ್ರಯೋಗ ಮತ್ತೆ ನಡೆಯತೊಡಗಿತು.

ಮೊದಮೊದಲು ಫಲಿತಾಂಶಗಳು ಹಳೆಯವುಗಳಂತೆಯೇ ಇದ್ದವು. ಮೇ ತಿಂಗಳ ಹೊತ್ತಿಗೆ ಚಿತ್ರವೇ ಬದಲಾಯಿತು. ಮೊದಲು ನಯವಾಗಿ ಏರಿಳಿಯುತ್ತಿದ್ದ ರೇಖೆಯಲ್ಲಿ ಈಗ ಚೂಪಾದ ಶಿಖರಗಳು ಕಾಣಿಸಿದವು. ಆಗ ಡೇವಿಸನ್ ಮತ್ತು ಜರ್ಮರ್ ಇಟ್ಟ ಹೆಜ್ಜೆಯೇ, ನನ್ನ ದೃಷ್ಟಿಯಲ್ಲಿ, ಈ ಚರಿತ್ರೆಯ ತಿರುವು. ಕೆಲಸ ಮಾಡುತ್ತಿದ್ದ ಉಪಕರಣವನ್ನು ನಿಲ್ಲಿಸಿ, ತಾವೇ ಅದನ್ನು ಕತ್ತರಿಸಿ ತೆರೆದು, ನಿಕ್ಕಲ್ ತುಣುಕನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿದರು. ಮೊದಲು ಅದು ಅಸಂಖ್ಯಾತ ಸಣ್ಣ ಹರಳುಗಳ ಒಟ್ಟಲಾಗಿತ್ತು. ಆಮ್ಲಜನಕವನ್ನು ಓಡಿಸಲು ಮಾಡಿದ ದೀರ್ಘ ಕಾಯಿಸುವಿಕೆಯಲ್ಲಿ ಆ ಸಣ್ಣ ಹರಳುಗಳು ಒಂದರೊಳಗೊಂದು ಬೆರೆತು ಕೆಲವೇ ದೊಡ್ಡ ಹರಳುಗಳಾಗಿದ್ದವು. ಪುಟಿದ ಎಲೆಕ್ಟ್ರಾನುಗಳು ಒಂಟಿ ಪರಮಾಣುವಿನ ಒಳರಚನೆಯನ್ನಲ್ಲ, ಹರಳಿನಲ್ಲಿ ಪರಮಾಣುಗಳು ಸಾಲುಗಟ್ಟಿ ನಿಂತ ಕ್ರಮವನ್ನು ತಿಳಿಸುತ್ತಿವೆ ಎಂದು ಅವರು ಗ್ರಹಿಸಿದರು. ಒಡನೆಯೇ ಒಂದೇ ಹರಳಿನಿಂದ ಕತ್ತರಿಸಿದ ನಿಕ್ಕಲ್ಲನ್ನು ಸಿದ್ಧಪಡಿಸಲು ತೊಡಗಿದರು.

1926ರ ಬೇಸಗೆಯಲ್ಲಿ ಡೇವಿಸನ್ ಪತ್ನೀಸಮೇತನಾಗಿ ಇಂಗ್ಲೆಂಡಿಗೆ ಹೋದನು. ಆಕ್ಸ್‌ಫರ್ಡಿನ ವಿಜ್ಞಾನ ಸಭೆಯಲ್ಲಿ ಮ್ಯಾಕ್ಸ್ ಬಾರ್ನ್ ಮಾತನಾಡುತ್ತಾ, ಎಲೆಕ್ಟ್ರಾನ್ ಅಲೆಯಂತೆಯೂ ವರ್ತಿಸುತ್ತದೆಂಬ ದ ಬ್ರಾಯ್‌ನ ವಾದಕ್ಕೆ ಡೇವಿಸನ್ನನ ಹಳೆಯ ಅಳತೆಗಳನ್ನೇ ಪುರಾವೆಯಾಗಿ ಉದಾಹರಿಸಿದ್ದನ್ನು ಕೇಳಿ ಅವನು ಬೆರಗಾದನು. ಮರಳಿ ಬಂದು, ಎಲ್ಲಿ ಏನನ್ನು ಹುಡುಕಬೇಕೆಂದು ತಿಳಿದು ಹುಡುಕಿದನು. 1927ರ ಜನವರಿಯಲ್ಲಿ ನಿರೀಕ್ಷಿತ ಶಿಖರಗಳು ಕಾಣಿಸಿಕೊಂಡವು. ಅವುಗಳಲ್ಲಿ ಪ್ರಸಿದ್ಧವಾದುದು 54 ವೋಲ್ಟಿನಲ್ಲಿ 50 ಡಿಗ್ರಿ ಕೋನದ ಶಿಖರ. ಅದರಿಂದ ದೊರೆತ ಅಲೆಯ ಉದ್ದ 1.65 ಆಂಗ್‌ಸ್ಟ್ರಾಮ್, ದ ಬ್ರಾಯ್‌ನ ಸೂತ್ರ ನೀಡಿದ್ದು 1.67. ಎಲೆಕ್ಟ್ರಾನ್ ಅಲೆಯೂ ಹೌದೆಂಬುದು ಸಿದ್ಧವಾಯಿತು.

ಅದೃಷ್ಟವೆಂಬ ಮಾತು

ಈ ಕಥೆಯನ್ನು ‘ಅದೃಷ್ಟದ ಆವಿಷ್ಕಾರ’ ಎಂದು ಒಂದೇ ಸಾಲಿನಲ್ಲಿ ಮುಗಿಸುವವರುಂಟು. ನಾನು ಇದನ್ನು ಒಪ್ಪಲಾರೆ. ಗಾಜು ಒಡೆಯುವುದು, ಲೋಹ ಕಪ್ಪಾಗುವುದು ಅಂದಿನ ಪ್ರಯೋಗಾಲಯಗಳಲ್ಲಿ ಅಪರೂಪದ ಸಂಗತಿಯಲ್ಲ. ಬದಲಾದ ಫಲಿತಾಂಶವನ್ನು ‘ಕೆಟ್ಟ ಅಳತೆ’ ಎಂದು ಬದಿಗಿಡುವುದು ಎಲ್ಲಕ್ಕಿಂತ ಸುಲಭ. ಕಾರಣ ಹುಡುಕಲು ನಡೆಯುತ್ತಿರುವ ಪ್ರಯೋಗವನ್ನೇ ಬಲಿಕೊಟ್ಟು ಉಪಕರಣವನ್ನು ಕತ್ತರಿಸಿ ನೋಡುವ ಎದೆಗಾರಿಕೆ ಅದೃಷ್ಟದಿಂದ ಬರುವಂಥದಲ್ಲ. ಅಪಘಾತ ಕೊಟ್ಟದ್ದು ಒಂದು ಪ್ರಶ್ನೆಯನ್ನು ಮಾತ್ರ.

ಇನ್ನೊಂದು ಮಾತನ್ನೂ ಇಲ್ಲಿ ಹೇಳಬೇಕು. 1937ರ ನೊಬೆಲ್ ಪಾರಿತೋಷಕವನ್ನು ಡೇವಿಸನ್ ಮತ್ತು ಬ್ರಿಟನ್ನಿನ ಜಾರ್ಜ್ ಥಾಮ್ಸನ್ ಹಂಚಿಕೊಂಡರು. ಜರ್ಮರನ ಹೆಸರು ಅದರಲ್ಲಿರಲಿಲ್ಲ. ಪಠ್ಯಪುಸ್ತಕಗಳು ಪ್ರಯೋಗಕ್ಕೆ ಇಬ್ಬರ ಹೆಸರನ್ನೂ ಕೊಡುತ್ತವೆ, ಪಾರಿತೋಷಕದ ಪಟ್ಟಿ ಕೊಡುವುದಿಲ್ಲ. ಆದರೆ ನನ್ನಂಥ ಲೋಹವಿಜ್ಞಾನಿಗೆ ಜರ್ಮರನ ಎರಡನೆಯ ಇನ್ನಿಂಗ್ಸೇ ಹೆಚ್ಚು ಪ್ರಿಯವಾದದ್ದು.

ಶತ್ರುವೇ ಅಧ್ಯಯನದ ವಸ್ತುವಾದದ್ದು

ನಿಧಾನಗತಿಯ ಎಲೆಕ್ಟ್ರಾನುಗಳು ಲೋಹದೊಳಕ್ಕೆ ಕೆಲವೇ ಪದರಗಳಷ್ಟು ಮಾತ್ರ ಇಳಿಯುತ್ತವೆ. ಆದ್ದರಿಂದ ಅವು ಮೇಲ್ಮೈಯ ಸುದ್ದಿಯನ್ನೇ ಹೊತ್ತು ತರುತ್ತವೆ. 1927ರಲ್ಲಿಯೇ ಡೇವಿಸನ್ ಮತ್ತು ಜರ್ಮರ್, ನಿಕ್ಕಲ್ ಹರಳಿನ ಮೇಲೆ ಅನಿಲ ಬಂದು ಕುಳಿತಾಗ ಹೊಸ ಕಿರಣಗಳು ಹುಟ್ಟುತ್ತವೆ ಎಂದು ದಾಖಲಿಸಿದ್ದರು. ಆದರೆ ಅದನ್ನು ಮುಂದುವರಿಸಲು ಬೇಕಾದ ನಿರ್ವಾತ ಆಗ ಇರಲಿಲ್ಲ. ಬ್ರೌನ್ ವಿಶ್ವವಿದ್ಯಾನಿಲಯದ ಫಾರ್ನ್ಸ್‌ವರ್ತ್ ಮುಂತಾದ ಕೆಲವರು ಮಾತ್ರ ಆ ದೀಪ ಆರದಂತೆ ಕಾಯ್ದುಕೊಂಡರು. 1950ರಲ್ಲಿ ಬೇಯರ್ಡ್ ಮತ್ತು ಆಲ್ಪರ್ಟ್ ಹೊಸ ಒತ್ತಡಮಾಪಕವನ್ನು ರೂಪಿಸಿದ ಮೇಲೆ, ಟಾರ್‌ನ ಸಾವಿರ ಕೋಟಿಯಲ್ಲೊಂದು ಭಾಗದಷ್ಟು ಕಡಿಮೆ ಒತ್ತಡವನ್ನು ಅಳೆಯುವುದೂ ಸಾಧಿಸುವುದೂ ಸಾಧ್ಯವಾಯಿತು. ಅಂಥ ನಿರ್ವಾತದಲ್ಲಿ ಶುದ್ಧ ಮೇಲ್ಮೈಯೊಂದು ಸೆಕೆಂಡಿನ ಬದಲು ಗಂಟೆಗಳ ಕಾಲ ಶುದ್ಧವಾಗಿ ಉಳಿಯುತ್ತದೆ.

ಆಗ, 1960ರ ಸುಮಾರಿಗೆ, ಅರವತ್ತು ಮುಟ್ಟಿದ್ದ ಜರ್ಮರ್ ತನ್ನ ತಾರುಣ್ಯದ ಪ್ರಯೋಗಕ್ಕೆ ಮರಳಿದನು. ಪುಟಿದ ಎಲೆಕ್ಟ್ರಾನುಗಳನ್ನು ಹೊಳೆಯುವ ಪರದೆಯ ಮೇಲೆ ಬೀಳಿಸಿ, ಹರಳಿನ ವಿನ್ಯಾಸವನ್ನು ರಂಗೋಲಿಯ ಚುಕ್ಕಿಗಳಂತೆ ಕಣ್ಣಿಗೆ ಕಾಣಿಸುವ ವಿಧಾನವನ್ನು ಅವನೂ ಅವನ ಸಂಗಡಿಗರೂ ರೂಢಿಗೆ ತಂದರು. ಈ ಬಾರಿ ಆಮ್ಲಜನಕವನ್ನು ಅವರು ತಾವಾಗಿಯೇ, ಅಳತೆಮಾಡಿ, ನಿಕ್ಕಲ್ಲಿನ ಬಳಿಗೆ ಬಿಟ್ಟರು. ಬೆಲ್ ಪ್ರಯೋಗಾಲಯದಿಂದ ನಿವೃತ್ತನಾದ ಬಳಿಕ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮುಂದುವರಿಸಿದ ಜರ್ಮರ್ ಬಂಡೆ ಏರುವುದರಲ್ಲಿ ಮಹಾ ಆಸಕ್ತ. 1971ರ ಅಕ್ಟೋಬರಿನಲ್ಲಿ, ಎಪ್ಪತ್ತೈದು ತುಂಬಲು ಒಂದು ವಾರವಿದ್ದಾಗ, ನ್ಯೂಯಾರ್ಕ್ ರಾಜ್ಯದ ಶಾವಾಂಗಂಕ್ ಬೆಟ್ಟಸಾಲಿನಲ್ಲಿ ಬಂಡೆ ಏರುತ್ತಿರುವಾಗಲೇ ಹೃದಯಾಘಾತದಿಂದ ತೀರಿಕೊಂಡನು.

ಅವನೂ ಅವನ ನಂತರದವರೂ ಕಂಡುಕೊಂಡ ಸಂಗತಿಯನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. ಆಮ್ಲಜನಕದ ಅಣು ನಿಕ್ಕಲ್ಲಿನ ಮೇಲೆ ಬಿದ್ದೊಡನೆ ಎರಡು ಪರಮಾಣುಗಳಾಗಿ ಒಡೆಯುತ್ತದೆ. ಚೌಕಜೋಡಣೆಯ ಮುಖದಲ್ಲಿ ಪ್ರತಿಯೊಂದು ಆಮ್ಲಜನಕ ಪರಮಾಣುವೂ ನಾಲ್ಕು ನಿಕ್ಕಲ್ ಪರಮಾಣುಗಳ ನಡುವಣ ಗುಳಿಯಲ್ಲಿ ಕೂರುತ್ತದೆ. ಮೊದಲು ನಾಲ್ಕರಲ್ಲೊಂದು ಗುಳಿ ಕ್ರಮವಾಗಿ ತುಂಬುತ್ತದೆ, ಬಳಿಕ ಎರಡರಲ್ಲೊಂದು. ಅದಕ್ಕಿಂತ ಹೆಚ್ಚಾದಾಗ ಅಲ್ಲಲ್ಲಿ ನಿಕ್ಕಲ್ ಆಕ್ಸೈಡಿನ ಸಣ್ಣ ದ್ವೀಪಗಳು ಮೊಳೆತು, ಅಡ್ಡಡ್ಡಲಾಗಿ ಬೆಳೆದು, ಒಂದನ್ನೊಂದು ಕೂಡಿಕೊಳ್ಳುತ್ತವೆ. ಕೋಣೆಯ ಉಷ್ಣತೆಯಲ್ಲಿ ಎರಡು ಮೂರು ಪದರಗಳಾದ ಮೇಲೆ ಬೆಳವಣಿಗೆ ಬಹುಮಟ್ಟಿಗೆ ನಿಂತುಹೋಗುತ್ತದೆ. ಹರಳಿನ ಯಾವ ಮುಖ ಗಾಳಿಗೆ ಎದುರಾಗಿದೆ ಎಂಬುದರ ಮೇಲೆ ವೇಗವೂ ವಿನ್ಯಾಸವೂ ಬದಲಾಗುತ್ತವೆ. ಕೆಲವು ಮುಖಗಳಲ್ಲಿ ಲೋಹದ ಪರಮಾಣುಗಳೇ ತಮ್ಮ ಸ್ಥಳ ಬಿಟ್ಟು ಬಂದು ಆಮ್ಲಜನಕದೊಡನೆ ಹೊಸ ಸಾಲು ಕಟ್ಟುತ್ತವೆ ಎಂದು ಜರ್ಮರ್ ವಾದಿಸಿದ್ದನು. 1990ರ ಸುಮಾರಿಗೆ ತಾಮ್ರದ ಹರಳಿನ ಮೇಲೆ ಅಂಥ ಸಾಲುಗಳು ಬೆಳೆಯುವುದನ್ನು ಹೊಸ ಬಗೆಯ ಸುರಂಗ ಸೂಕ್ಷ್ಮದರ್ಶಕ ಕಣ್ಣಾರೆ ತೋರಿಸಿತು.

ಬೆಳವಣಿಗೆ ನಿಲ್ಲುವುದೇಕೆ? 1949ರಲ್ಲಿ ಕಬ್ರೆರಾ ಮತ್ತು ಮಾಟ್ ಕೊಟ್ಟ ವಿವರಣೆ ಇಂದಿಗೂ ಆಧಾರವಾಗಿದೆ. ಲೋಹದ ಎಲೆಕ್ಟ್ರಾನುಗಳು ತೆಳುವಾದ ಪೊರೆಯನ್ನು ದಾಟಿ ಹೊರಗಿನ ಆಮ್ಲಜನಕವನ್ನು ಸೇರುತ್ತವೆ. ಇದರಿಂದ ಹುಟ್ಟಿದ ವಿದ್ಯುತ್ ಸೆಳೆತವು ಲೋಹದ ಅಯಾನುಗಳನ್ನು ಹೊರಕ್ಕೆ ಎಳೆಯುತ್ತದೆ. ಪೊರೆ ದಪ್ಪವಾದಂತೆ ಸೆಳೆತ ಕುಗ್ಗಿ, ಕೆಲವು ನ್ಯಾನೋಮೀಟರ್ ಆಗುವಷ್ಟರಲ್ಲಿ ಬೆಳವಣಿಗೆ ಸ್ಥಗಿತಗೊಳ್ಳುತ್ತದೆ. ನಮ್ಮನ್ನು ಸಾಗರದಾಚೆಗೆ ಹೊತ್ತುತಂದ ವಿಮಾನದ ಅಲ್ಯುಮಿನಿಯಮ್ ಗಾಳಿಯಲ್ಲಿ ಉರಿದುಹೋಗದೆ ಉಳಿದಿರುವುದು ಇಂಥ ಪೊರೆಯ ಕೃಪೆ. ಪೊರೆ ಬಿರುಕಿಲ್ಲದೆ ಅಂಟಿಕೊಂಡಿರಬೇಕು ಎಂಬುದು ಇದರ ಷರತ್ತು. 1923ರಲ್ಲಿ ಪಿಲ್ಲಿಂಗ್ ಮತ್ತು ಬೆಡ್‌ವರ್ತ್, ಹುಟ್ಟಿದ ಆಕ್ಸೈಡಿನ ಗಾತ್ರವನ್ನು ಅಳಿದ ಲೋಹದ ಗಾತ್ರಕ್ಕೆ ಹೋಲಿಸಿದರು. ಮೆಗ್ನೀಸಿಯಮ್ಮಿನಲ್ಲಿ ಈ ಪ್ರಮಾಣ ಸುಮಾರು 0.8, ಪೊರೆ ಮೈಯನ್ನು ಪೂರ್ತಿ ಮುಚ್ಚಲಾರದು. ಅಲ್ಯುಮಿನಿಯಮ್ಮಿನಲ್ಲಿ ಸುಮಾರು 1.3, ಒಪ್ಪವಾಗಿ ಮುಚ್ಚುತ್ತದೆ. ಕಬ್ಬಿಣದಲ್ಲಿ 2ನ್ನು ಮೀರಿ, ಪೊರೆ ಉಬ್ಬಿ ಹಕ್ಕಳೆಯೇಳುವ ಸಂಭವ ಹೆಚ್ಚು, ಅದರ ಮೇಲೆ ತೇವವೂ ಸೇರಿದರೆ ಕೇಳುವುದೇ ಬೇಡ. ಹೊರಗಿನ ಗಾಳಿ ತಗುಲಿದೊಡನೆ ಎಲ್ಲವೂ ಕೆಟ್ಟುಹೋಗುತ್ತದೆ ಎಂದು ನಮ್ಮ ವೇದಿಕೆಗಳ ಮೇಲೆ ಆಗಾಗ ಕೇಳಿಬರುವ ಉಪಮೆಯನ್ನು ಲೋಹವಿಜ್ಞಾನ ಅಷ್ಟಾಗಿ ಬೆಂಬಲಿಸುವುದಿಲ್ಲ ಎಂಬುದನ್ನು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ!

ಬೀದರಿನಿಂದ ಬೆಂಗಳೂರಿಗೆ

ಲೋಹದ ಮೇಲ್ಮೈಯನ್ನು ಬೇಕೆಂದೇ ಬದಲಿಸಿ ಸೌಂದರ್ಯ ಪಡೆಯುವ ಕಲೆ ಕನ್ನಡನಾಡಿನಲ್ಲಿಯೇ ಇದೆ. ಬಿದರಿ ಕುಸುರಿಯ ಮೂಲದ್ರವ್ಯ ಸತು, ಅದರಲ್ಲಿ ಸ್ವಲ್ಪ ತಾಮ್ರ. ಬೆಳ್ಳಿಯ ಎಳೆಗಳನ್ನು ಕೂರಿಸಿದ ಮೇಲೆ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೆರೆಸಿದ ನೀರಿನಲ್ಲಿ ಪಾತ್ರೆಯನ್ನು ಕಾಯಿಸುತ್ತಾರೆ. ಸತು–ತಾಮ್ರದ ಮೈ ಕಡುಗಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಒಂದೇ ದ್ರಾವಣದಲ್ಲಿ ಎರಡು ಲೋಹಗಳು ಎರಡು ಬಗೆಯಾಗಿ ವರ್ತಿಸುತ್ತವೆಂಬ ಜ್ಞಾನವನ್ನು ಆ ಕುಶಲಕರ್ಮಿಗಳು ಕೈಯಿಂದ ಕೈಗೆ ಕಾಪಾಡಿಕೊಂಡು ಬಂದಿದ್ದಾರೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, 1980ರ ದಶಕದಲ್ಲಿ, ನಮ್ಮವರೇ ಆದ ಪ್ರೊ. ಸಿ. ಎನ್. ಆರ್. ರಾವ್ ಅವರೂ ಅವರ ಶಿಷ್ಯರೂ ಎಲೆಕ್ಟ್ರಾನ್ ರೋಹಿತದರ್ಶನದ ನೆರವಿನಿಂದ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಲೋಹದ ಮೇಲೆ ಕುಳಿತ ಆಮ್ಲಜನಕ ಅಣುವಾಗಿಯೇ ಉಳಿದಿದೆಯೇ, ಒಡೆದು ಪರಮಾಣುವಾಗಿದೆಯೇ, ಎಷ್ಟು ವಿದ್ಯುದಂಶವನ್ನು ಪಡೆದುಕೊಂಡಿದೆ ಎಂಬುದನ್ನು ಅವರು ಶೋಧಿಸಿದರು. ಬೆಂಗಳೂರಿನಲ್ಲಿ ಹುಟ್ಟಿ, ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರಾಗಿ, ಅಮೆರಿಕಾದ ಪರ್ಡ್ಯೂ ವಿಶ್ವವಿದ್ಯಾನಿಲಯದಲ್ಲಿ 1958ರಲ್ಲಿ ಡಾಕ್ಟರೇಟ್ ಪಡೆದು, ತಾಯ್ನಾಡಿಗೆ ಮರಳಿದ ರಾವ್ ಅವರಿಗೆ 2014ರಲ್ಲಿ ಭಾರತರತ್ನ ಪ್ರದಾನವಾಯಿತು. 2007ರಲ್ಲಿ ಜರ್ಮನಿಯ ಗೆರ್ಹಾರ್ಡ್ ಎರ್ಟ್ಲ್ ಅವರು ಮೇಲ್ಮೈ ಕ್ರಿಯೆಗಳ ಅಧ್ಯಯನಕ್ಕಾಗಿ ನೊಬೆಲ್ ಪಾರಿತೋಷಕ ಪಡೆದರು. ಪ್ಲಾಟಿನಮ್ಮಿನ ಮೇಲೆ ಆಮ್ಲಜನಕವು ವಿಷಾನಿಲವಾದ ಕಾರ್ಬನ್ ಮಾನಾಕ್ಸೈಡನ್ನು ಹೇಗೆ ನಿರಪಾಯಗೊಳಿಸುತ್ತದೆ ಎಂಬುದು ಅವರ ಮುಖ್ಯ ಸಂಶೋಧನೆಗಳಲ್ಲೊಂದು. ಈ ಸಮ್ಮೇಳನಕ್ಕೆ ನಾವು ಓಡಿಸಿಕೊಂಡು ಬಂದ ಪೆಟ್ರೋಲ್ ಕಾರುಗಳ ಹೊಗೆಕೊಳವೆಯಲ್ಲಿ ನಡೆಯುವುದೂ ಅದೇ ಕ್ರಿಯೆ.

ಒಂದು ವಿನಂತಿ

1925ರ ಫೆಬ್ರುವರಿ 5ರಂದು ಗಾಜು ಒಡೆಯಿತೆಂದು ಇಂದು ನಾವು ಇಷ್ಟು ಖಚಿತವಾಗಿ ಹೇಳಬಲ್ಲೆವೇಕೆ? ಅಂದು ನಡೆದದ್ದನ್ನು ಅಂದೇ ಪ್ರಯೋಗದ ಪುಸ್ತಕದಲ್ಲಿ ಬರೆದಿಟ್ಟರು, ಆ ಪುಸ್ತಕವನ್ನು ಯಾರೋ ಜೋಪಾನವಾಗಿ ಉಳಿಸಿದರು. ಬರೆಯದೆ ಹೋಗಿದ್ದರೆ ಶಿಖರಗಳು ಮಾತ್ರ ಉಳಿಯುತ್ತಿದ್ದವು, ಅವು ಬಂದ ದಾರಿ ತಿಳಿಯುತ್ತಿರಲಿಲ್ಲ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಪ್ರಯೋಗಾಲಯವೊಂದನ್ನು ಮುಚ್ಚಿದಾಗ ಮೂವತ್ತು ವರ್ಷಗಳ ಪ್ರಯೋಗ ಪುಸ್ತಕಗಳು ಕಸದ ಲಾರಿಗೆ ಹೋದವು. ಅವುಗಳಲ್ಲಿ ಹಲವು ಕನ್ನಡಿಗರ ಕೈಬರಹವಿತ್ತು. 1965ರ ವಲಸೆ ಕಾಯಿದೆಯ ನಂತರ ಈ ದೇಶಕ್ಕೆ ಬಂದ ಎಷ್ಟೋ ಮಂದಿ ಕನ್ನಡ ಎಂಜಿನಿಯರುಗಳೂ ವಿಜ್ಞಾನಿಗಳೂ ಉಕ್ಕು, ವಿಮಾನ, ಟೆಲಿಫೋನ್, ಔಷಧ ಮುಂತಾದ ಕ್ಷೇತ್ರಗಳಲ್ಲಿ ತಮ್ಮ ಆಯುಷ್ಯವನ್ನು ಸವೆಸಿದ್ದಾರೆ. ಅವರಲ್ಲಿ ಅನೇಕರು ನಮ್ಮನ್ನು ಅಗಲಿದ್ದಾರೆ. ಉಳಿದವರಲ್ಲಿ ಹಲವರು ಇದೇ ಸಭಾಂಗಣದಲ್ಲಿ ನಿಮ್ಮ ಪಕ್ಕದಲ್ಲಿಯೇ ಕುಳಿತಿರಬಹುದು. ಅವರು ಏನು ಮಾಡಿದರು, ಯಾವ ಪ್ರಯೋಗ ಕೈಕೊಟ್ಟಿತು, ಯಾವುದು ಕೈಹಿಡಿಯಿತು ಎಂಬುದನ್ನು ಕೇಳಿ, ಇಸವಿ ಸಮೇತ, ಕನ್ನಡದಲ್ಲಿ ಬರೆದಿಡಬೇಕೆಂದು ತರುಣ ಪ್ರತಿನಿಧಿಗಳಲ್ಲಿ ನನ್ನ ಕಳಕಳಿಯ ವಿನಂತಿ. ಎರಡು ವರ್ಷಗಳ ನಂತರದ ಸ್ಮರಣ ಸಂಚಿಕೆಯಲ್ಲಿ ಅಂಥ ನಾಲ್ಕಾರು ಬರಹಗಳು ಪ್ರಕಟವಾದರೆ ಈ ಲೇಖನ ಬರೆದ ನನ್ನ ಶ್ರಮ ಸಾರ್ಥಕವಾದಂತೆ.